ನೆಟ್ಟಗೆ ನಿಂತ ಕಿರುಬೆರಳು

ಬೆಳಕು ಹರಿಯುವ ಮೊದಲು ಪಿಟೀಲಕ್ಕನಿಗೆ ಇಷ್ಟು ಕೆಲಸ: ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯಲ್ಲಿ ಎರಡು ಡ್ರಮ್ಮು, ಆರು ಕೊಡ ತುಂಬಿಸುವುದು. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲಾಗಿಸಿ ಒದ್ದೆ ಬಟ್ಟೆ ಎಳೆದು, ಒಣಗಿದ್ದು ಹಾಸುವುದು. ಎಳೆದದ್ದನ್ನು ನೆನೆಹಾಕುವುದು. ರಾತ್ರಿಯ ಪಾತ್ರೆ ತಿಕ್ಕುವುದು. ಗಂಡನ ಸ್ನಾನಕ್ಕೆ ನೀರು ಕಾಯಿಸುವುದು. ಅವರು ಏಳುವ ಹೊತ್ತಿಗೆ ಅದು ಬಿಸಿಯೂ ಇರಬೇಕು, ಸುಡಲೂಬಾರದು. ಮುಂದಿನ ಕೋಣೆ ಗುಡಿಸಿ ಚಾಪೆ ಹಾಸಿ, ಪಾಠಕ್ಕೆ ಬರುವ ಮಕ್ಕಳ ಎಂಟು ಪಿಟೀಲುಗಳನ್ನು ಶ್ರುತಿ ಮಾಡಿಡುವುದು.

ಇಷ್ಟನ್ನೂ ಅವಳು ಒಂಬತ್ತು ಬೆರಳಿನಲ್ಲಿ ಮಾಡುತ್ತಿದ್ದಳು. ಹತ್ತನೆಯದು, ಎಡಗೈಯ ಕಿರುಬೆರಳು, ಮಡಚುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಬಾಗಿಲಿಗೆ ಸಿಕ್ಕಿತ್ತು. ಬೆರಳು ಬಾಗಿಲಿಗೆ ಸಿಕ್ಕಿತಂತೆ, ಪಾಪ, ಎಂದು ಬೀದಿಯವರೆಲ್ಲ ಅಂದರು. ಬಾಗಿಲು ಎಳೆದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಆವತ್ತು ದೊಡ್ಡ ಕಚೇರಿಯೊಂದರಲ್ಲಿ ನುಡಿಸಲು ಅವಳಿಗೆ ಕರೆ ಬಂದಿತ್ತು, ಗಂಡನಿಗೆ ಬಂದಿರಲಿಲ್ಲ. ಆ ಸಂಜೆಯ ಪಾತ್ರೆಗಳನ್ನೂ ಅವಳೇ ತೊಳೆದಳು.

ಮನೆಯ ಮುಂದಿನ ಬೋರ್ಡಿನಲ್ಲಿ ಇದ್ದದ್ದು ಗಂಡನ ಹೆಸರು. ಬೀದಿಗೆಲ್ಲ ಅವರು ಮೇಷ್ಟ್ರು. ಪಾಠದ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ತಾಳ ನಿಂತಿತೆಂದರೆ ನಿದ್ದೆ ಹತ್ತಿತೆಂದು ಮಕ್ಕಳಿಗೆ ಗೊತ್ತಾಗುತ್ತಿತ್ತು. ಚಾಪೆಯ ಮೇಲೆ ಮಕ್ಕಳ ಎದುರು ಕೂತು, ಒಬ್ಬೊಬ್ಬರ ಕಮಾನು ಹಿಡಿದು ಎಳೆಸಿ ಕಲಿಸುತ್ತಿದ್ದವಳು ಅವಳು. ಹಿಂದಿನ ವರ್ಷ ಒಬ್ಬ ಹುಡುಗನಿಗೆ ಬಹುಮಾನ ಬಂದಾಗ ವೇದಿಕೆ ಹತ್ತಿದವರು ಮೇಷ್ಟ್ರು. ಹುಡುಗನ ತಾಯಿ ಅವರಿಗೆ ಶರ್ಟಿನ ಬಟ್ಟೆ ಕೊಟ್ಟಳು, ಇವಳಿಗೆ ಒಂದು ಸ್ಟೀಲ್ ಡಬ್ಬಿ. "ಬೇಳೆ ಹಾಕ್ಕೊಳ್ಳೋಕೆ ಆಗುತ್ತೆ ಅಕ್ಕಾ."

ಮಕ್ಕಳೆಲ್ಲ ಎಡಗೈಯ ಕಿರುಬೆರಳನ್ನು ತಂತಿಗೆ ತಾಗಿಸದೆ ಮೇಲೆತ್ತಿ ನುಡಿಸುವುದು ಬಂದವರ ಕಣ್ಣಿಗೆ ಬೀಳುತ್ತಿತ್ತು. "ಅದು ನಮ್ಮ ಶಾಲೆಯ ಪದ್ಧತಿ," ಎಂದು ಮೇಷ್ಟ್ರು ಗತ್ತಿನಿಂದ ಹೇಳುತ್ತಿದ್ದರು. ಬೆರಳು ಮಡಚಿ ಎಂದು ಅವಳು ಮೊದಮೊದಲು ಮಕ್ಕಳಿಗೆ ಹೇಳಿದ್ದಳು, ಆಮೇಲೆ ಬಿಟ್ಟಳು. ನಿಜ ಹೇಳಬೇಕೆಂದರೆ, ಆ ಪುಟ್ಟ ಬೆರಳುಗಳು ಸಾಲಾಗಿ ಮೇಲೆದ್ದು ನಿಂತಾಗ ಅವಳಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಇಡೀ ಮನೆಯಲ್ಲಿ ತನ್ನದು ಎನ್ನುವಂಥದ್ದು ಅದೊಂದೇ ಇತ್ತು.

ಇನ್ನೊಂದಿತ್ತು, ಬೆಳಗಿನ ಅರ್ಧ ಗಂಟೆ. ಐದೂವರೆಗೆ ಹಿಂಬಾಗಿಲು ಎರಡು ಸಲ ಟಕಟಕ ಎನ್ನುತ್ತಿತ್ತು. ಇಸ್ತ್ರಿಯವಳ ಮಗಳು, ಹನ್ನೊಂದು ವರ್ಷದ ಚೋಟು. ಏಳಕ್ಕೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಕೊಡಬೇಕಾದವಳು, ಅದಕ್ಕೆ ಮುಂಚೆ ಬರುತ್ತಿದ್ದಳು. ಮನೆಯವರಿಗೆ ಎಚ್ಚರವಾಗದಂತೆ ಪಿಟೀಲಿನ ತಂತಿಗಳನ್ನು ಹೊತ್ತ ಕುದುರೆಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಒಗೆಯುವ ಕಲ್ಲಿನ ಪಕ್ಕ ಎದುರುಬದುರು ಕೂತು ಇಬ್ಬರೂ ನುಡಿಸುತ್ತಿದ್ದರು. ದಿನದಲ್ಲಿ ಪಿಟೀಲಕ್ಕ ತನಗಾಗಿ ನುಡಿಸುತ್ತಿದ್ದದ್ದು ಅಷ್ಟೇ ಹೊತ್ತು. ಚೋಟುವಿಗೆ ಒಮ್ಮೆ ಕೇಳಿದರೆ ಸಾಕು, ಎರಡನೆಯ ಸಲಕ್ಕೆ ಅವಳ ಕಮಾನಿನಲ್ಲಿ ಅದು ಬರುತ್ತಿತ್ತು.

ಪೇಟೆಯ ದೊಡ್ಡ ಸಂಗೀತ ಶಾಲೆ ವರ್ಷಕ್ಕೆ ನಾಲ್ಕು ಮಕ್ಕಳಿಗೆ ಊಟ ವಸತಿ ಕೊಟ್ಟು ಕಲಿಸುತ್ತಿತ್ತು. ಈ ಸಲ ಪರೀಕ್ಷೆಗೆ ಮೇಷ್ಟ್ರ ಮನೆಯಿಂದ ಮೂವರು ಹೋದರು, ಪಿಟೀಲಕ್ಕ ಹೆಸರು ಕೊಟ್ಟ ಚೋಟುವೂ ಸೇರಿ; ಜೊತೆಗೆ ಮೇಷ್ಟ್ರು, ಪಿಟೀಲಕ್ಕ, ತಾಯಂದಿರು. ಪರೀಕ್ಷೆ ಮಾಡಿದಾಕೆ ನರೆಗೂದಲಿನ ಪಿಟೀಲು ವಿದ್ವಾಂಸೆ. ಮೂವರು ನುಡಿಸಿದ್ದನ್ನೂ ಕೇಳಿ, ಒಟ್ಟಿಗೆ ಕೂರಿಸಿ ಮತ್ತೊಮ್ಮೆ ನುಡಿಸಿ ಎಂದಳು. ಮೂರು ಕಿರುಬೆರಳು ಆಕಾಶ ನೋಡಿದವು.

"ಇದನ್ನ ಕಲಿಸಿದ್ದು ಯಾರು? ಈ ಬೆರಳು ಹೀಗಿದ್ರೆ ಇವರು ಮುಂದಕ್ಕೆ ಹೋಗಲ್ಲ."

ಮಕ್ಕಳ ತಾಯಂದಿರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಅಂಗಿಯ ತೋಳು ಸರಿಮಾಡಿಕೊಂಡರು.

"ಇವಳು," ಎಂದರು. "ಮನೇಲಿ ಪಾಠ ಎಲ್ಲ ಇವಳದೇ. ನಂದು ಮೇಲ್ವಿಚಾರಣೆ ಅಷ್ಟೇ."

ಹದಿನಾಲ್ಕು ವರ್ಷದಲ್ಲಿ ನಾಲ್ಕು ಜನರ ಮುಂದೆ ಅವರು ಆ ಮಾತು ಹೇಳಿದ್ದು ಅದೇ ಮೊದಲು. "ಅಯ್ಯೋ, ನಾವು ಮೇಷ್ಟ್ರು ಅಂತ ಕಳಿಸಿದ್ರೆ," ಎಂದು ಒಬ್ಬ ತಾಯಿ ಮೂಗು ಮುರಿದಳು.

ವಿದ್ವಾಂಸೆ ಪಿಟೀಲಕ್ಕನ ಎಡಗೈಯನ್ನೇ ನೋಡಿದಳು. ಆಮೇಲೆ ಜಗಲಿಗೆ ಕರೆದುಕೊಂಡು ಹೋದಳು.

"ನಿನ್ನದು ಯಾಕೆ ಮಡಚಲ್ಲ ಅಂತ ಮಕ್ಕಳಿಗೆ ಹೇಳಿದ್ಯಾ?"

"ಇಲ್ಲ."

"ಇಬ್ಬರನ್ನ ಬಿಡು. ಆ ಚಿಕ್ಕವಳನ್ನ ದಿನಾ ಬೆಳಿಗ್ಗೆ ಆರಕ್ಕೆ ನನ್ನ ಮನೆಗೆ ಕಳಿಸು. ಬರೋ ವರ್ಷ ಸೀಟು ಅವಳದೇ. ಆದರೆ ನಿನ್ನ ಎದುರು ಅವಳು ಇನ್ನು ಕೂರಬಾರದು. ನಿನ್ನ ಕೈ ಕಣ್ಣಿಗೆ ಬೀಳ್ತಿದ್ರೆ ಅವಳ ಬೆರಳು ಇಳಿಯಲ್ಲ. ಈಗಲೇ ತಡ ಆಗಿದೆ."

ಮನೆಗೆ ಬಂದ ಮೇಲೆ ಮೇಷ್ಟ್ರು ಮೂರು ದಿನ ಅವಳೊಡನೆ ಮಾತಾಡಲಿಲ್ಲ, ನಾಲ್ಕನೆಯ ದಿನ ಮಾತಾಡಿದರು: "ನನ್ನ ಮಾನ ಕಳೆದೆ ನೀನು. ಅನ್ನ ಹಾಕಿದ ಶಾಲೆ ಇದು." ಒಳಗಿನಿಂದ ಅತ್ತೆ, "ಹೋಗ್ಲಿ ಬಿಡೋ, ನೀರು ಕಾಯ್ಸೋಕೆ ಒಂಬತ್ತು ಬೆರಳು ಸಾಕು," ಎಂದರು. ಅತ್ತೆಯ ಹಾಸ್ಯಪ್ರಜ್ಞೆ ಮಾತ್ರ ಹಾಸಿಗೆ ಹಿಡಿದಿರಲಿಲ್ಲ.

ಇಸ್ತ್ರಿಯವಳು ಹಿತ್ತಲಿಗೆ ಬಂದು ನಿಂತಳು. "ಆರು ಗಂಟೆ ಪಾಠಕ್ಕೆ ಚೋಟು ಹೋಗಲ್ಲ ಅಂತ ಹಟ ಹಿಡಿದು ಕೂತಿದಾಳೆ ಅಕ್ಕಾ. ಹೇಳಿದೆ, ಬೈದೆ, ಹೊಡೆದೂ ಆಯ್ತು. ನನ್ನ ಹಾಗೆ ಕೆಂಡ ಊದ್ಕೊಂಡು ಇರಲಿ ಅಂದ್ರೆ ಸರಿ, ಇರ್ತಾಳೆ. ಬೇಡ ಅಂದ್ರೆ ನೀವೇ ಏನಾದ್ರೂ ಮಾಡಿ."

ಮರುದಿನ ಬೆಳಿಗ್ಗೆ ಪಿಟೀಲಕ್ಕ ಚೋಟುವಿಗೆ ಒಳ್ಳೆ ಮಾತಿನಲ್ಲೇ ಹೇಳಿ ನೋಡಿದಳು. ಬೆರಳು ಹೇಗಾಯಿತು ಎನ್ನುವುದನ್ನೂ ಹೇಳಿದಳು, ಹುಟ್ಟಿ ಬೆಳೆದ ಮನೆಯಲ್ಲೂ ಹೇಳದೇ ಇದ್ದದ್ದನ್ನು. ಚೋಟು ಕೇಳಿಸಿಕೊಂಡು, ಕಮಾನು ಎತ್ತಿಕೊಂಡಳು.

"ನಾನು ನಿಮ್ಮ ಹಾಗೇ ನುಡಿಸ್ತೀನಿ."

"ನನ್ನ ಹಾಗೆ ಅಂದ್ರೆ ಅರ್ಧ ಕಣೇ."

"ಅರ್ಧ ಸಾಕು."

ಅವಳು ಚೋಟುವಿನ ಕಿರುಬೆರಳನ್ನು ಹಿಡಿದು ತಂತಿಗೆ ಒತ್ತಿದಳು. ಕೈ ತೆಗೆದದ್ದೇ ತಡ, ಅದು ಮೇಲೆದ್ದಿತು. ಮತ್ತೆ ಒತ್ತಿದಳು, ಹುಡುಗಿಯ ಕಣ್ಣಲ್ಲಿ ನೀರು ಬರುವಷ್ಟು. ಮತ್ತೆ ಎದ್ದಿತು. ಚೋಟು ಬೇಕೆಂದು ಮಾಡುತ್ತಿರಲಿಲ್ಲ. ತನ್ನ ಬೆರಳನ್ನು ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದದ್ದು ಎದುರಿನ ಕೈಯನ್ನು.

ಅದರ ಮರುದಿನ ಅವಳು ಕೊಡ ತುಂಬಿಸಿದಳು. ಅತ್ತೆಯ ಬಟ್ಟೆ ಬದಲಿಸಿದಳು. ಪಾತ್ರೆ ತಿಕ್ಕಲಿಲ್ಲ. ಎಂಟು ಪಿಟೀಲುಗಳಲ್ಲಿ ಒಂದನ್ನು ತೆಗೆದು ಶ್ರುತಿ ಮಾಡಿ, ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು, ವಿದ್ವಾಂಸೆಯ ಮನೆಯ ವಿಳಾಸ ಬರೆದ ಚೀಟಿಯನ್ನು ಬಟ್ಟೆಯ ಕ್ಲಿಪ್ಪಿನಿಂದ ಅದಕ್ಕೆ ಸಿಕ್ಕಿಸಿದಳು. ಒಳಗೆ ಬಂದು ಅಗುಳಿ ಹಾಕಿದಳು.

ಟಕಟಕ.

"ಅಕ್ಕಾ, ಪಿಟೀಲು ಹೊರಗಡೆ ಇದೆ."

"ತಗೊಂಡು ಹೋಗು. ಇಲ್ಲಿ ನಿನಗೆ ಪಾಠ ಇಲ್ಲ."

"ಬಾಗಿಲು ತೆಗೀರಿ ಅಕ್ಕಾ."

"ನಿನ್ನಿಂದ ನನ್ನ ಮಾನ ಹೋಯ್ತು. ಮತ್ತೆ ಈ ಮೆಟ್ಟಿಲು ಹತ್ತಬೇಡ."

ಬಾಗಿಲ ಸಂದಿಗೆ ಬಾಯಿಟ್ಟು, ಗುಟ್ಟು ಕೇಳುವಂತೆ ಹುಡುಗಿ ಕೇಳಿದಳು: "ಮೇಷ್ಟ್ರು ಹಾಗೆ ಹೇಳಿಸ್ತಿದಾರಾ?"

ಹೂಂ ಎಂದರೆ ಮುಗಿಯಿತು. ಹುಡುಗಿಯ ಮನಸ್ಸಿನಲ್ಲಿ ಅಕ್ಕ ಅಕ್ಕನಾಗಿಯೇ ಉಳಿಯುತ್ತಿದ್ದಳು. ಆದರೆ ಮೇಷ್ಟ್ರು ಊರಲ್ಲಿಲ್ಲದ ದಿನ ನೋಡಿಕೊಂಡು ಚೋಟು ಮತ್ತೆ ಬರುತ್ತಿದ್ದಳು, ಎದುರು ಕೂರುತ್ತಿದ್ದಳು, ಆ ಬೆರಳು ಮತ್ತೆ ಏಳುತ್ತಿತ್ತು.

ಒಳಕೋಣೆಯಲ್ಲಿ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ಪಿಟೀಲಕ್ಕ ಅಗುಳಿಯ ಮೇಲೆ ಎಡಗೈ ಇಟ್ಟುಕೊಂಡೇ ನಿಂತಿದ್ದಳು.

"ಇಲ್ಲ," ಎಂದಳು. "ನಾನೇ ಹೇಳ್ತಿರೋದು. ನಿನ್ನನ್ನ ಕಂಡ್ರೆ ನನಗಾಗಲ್ಲ."