ಮನೆ ಖಾಲಿ ಮಾಡಿಸಿದ ದೊಡ್ಡಮ್ಮ

ಎಲ್ವಾ ದೊಡ್ಡಮ್ಮನ ಕಾಲಲ್ಲಿ ಚಕ್ರವಿದೆ ಎನ್ನುತ್ತಿದ್ದರು ನಮ್ಮೂರಿನವರು. ನದಿ ದಂಡೆಯ ಹೆಂಗಸರ ಕೇಂದ್ರದಲ್ಲಿ ಅವಳಿಗೊಂದು ಕುರ್ಚಿ ಇತ್ತು. ಅದರಲ್ಲಿ ಅವಳು ಕೂತದ್ದನ್ನು ನಾನಂತೂ ಕಂಡಿಲ್ಲ. ಗಂಡನ ಹೊಡೆತ ತಾಳಲಾರದೆ ಓಡಿಬಂದವಳಿಗೆ ಹಾಸಿಗೆ, ಕೋರ್ಟಿಗೆ ಹೋಗುವವಳಿಗೆ ಜೊತೆ, ಬಾಣಂತಿಗೆ ಬಿಸಿ ಸಾರು, ಎಲ್ಲಕ್ಕೂ ಅವಳೇ. ಕೇಂದ್ರದ ವ್ಯಾನ್ ಓಡಿಸುವ ನನಗೆ ಸಾಕುಸಾಕಾಗುತ್ತಿತ್ತು. "ಊರ ಉಸಾಬರಿ ಎಲ್ಲಾ ನಿಂಗೇ ಬೇಕಾ?" ಎಂದರೆ, "ನಿಮ್ಮಜ್ಜಿ ಉಸಾಬರೀನೂ ನಾನೇ ನೋಡಿದ್ದು. ಗಾಡಿ ತೆಗಿ" ಎನ್ನುತ್ತಿದ್ದಳು.

ಆ ವಾರ ಉಸಾಬರಿ ಅವಳ ಮನೆಗೇ ಬಂತು. ಮೊಮ್ಮಗಳು ತಲೀಶಾ ಎಳೆಗೂಸಿನೊಂದಿಗೆ ಅಲ್ಲೇ ಇದ್ದಳು. ಮಗುವಿನ ಅಪ್ಪ ಜೈಲಿನಲ್ಲಿ. ಮಗುವಿಗೆ ಈ ಮನೆ ಕ್ಷೇಮವೇ ಎಂದು ನೋಡಲು ಶುಕ್ರವಾರ ಸರ್ಕಾರದ ಮಕ್ಕಳ ಇಲಾಖೆಯ ವೆಲ್ಫೇರಿನವರು ಬರುವವರಿದ್ದರು. ಅವರಿಗೆ ಸರಿಕಾಣದಿದ್ದರೆ ಮಗು ಪರರ ಪಾಲು.

ಅಷ್ಟರಲ್ಲಿ ದೊಡ್ಡಮ್ಮನ ತಮ್ಮ ತೀರಿಕೊಂಡ. ಸತ್ತವರ ಹೆಸರೆತ್ತುವುದು ನಮ್ಮಲ್ಲಿ ಸಲ್ಲದು, ಅವನ ಹೆಸರನ್ನು ಈಗ ನಾವು ಹೇಳುವುದಿಲ್ಲ. ಮಣ್ಣಿಗೆ ದೂರದೂರದಿಂದ ನೆಂಟರು ಬಂದು ಅವಳ ಮನೆಯಲ್ಲೇ ಉಳಿದರು. ಬಂದವರನ್ನು ಬೇರೆಲ್ಲಾದರೂ ಮಲಗಿ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲಿ ಕಾಲಿಟ್ಟರೂ ಹಾಸಿಗೆ, ಎಲ್ಲಿ ನೋಡಿದರೂ ಚಹಾದ ಲೋಟ.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮ ಗುಡಿಸಿದ್ದನ್ನೇ ಗುಡಿಸುತ್ತಿದ್ದಳು. "ಇಷ್ಟು ಜನ ಕಂಡ್ರೆ, ಇದು ಮನೆಯಲ್ಲ ಸಂತೆ ಅಂತ ಬರ್ಕೊಂಡು ಹೋಗ್ತಾರೆ ಕಣೇ. ಎಲ್ಲರನ್ನೂ ಮೀನು ಹಿಡಿಯೋಕೆ ಕರ್ಕೊಂಡು ಹೋಗು. ಒಬ್ಬರ ತಲೆಯೂ ಕಾಣಬಾರದು."

"ಸೂತಕದ ಮನೆಯಿಂದ ಪಿಕ್ನಿಕ್ಕಾ ಅಕ್ಕಾ?" ಎಂದು ಅವಳ ತಂಗಿ ಡೋರೀನ್ ಹಂಗಿಸಿದಳು.

ವೆಲ್ಫೇರಿನ ಕಾರು ಕಂಡರೆ ಬಚ್ಚಿಟ್ಟುಕೊಳ್ಳುವುದು ನಮಗೆ ಯಾರೂ ಕಲಿಸಬೇಕಾದ್ದಲ್ಲ. ದೊಡ್ಡಮ್ಮ ಚಿಕ್ಕವಳಿದ್ದಾಗ ಅವರು ನಮ್ಮಂಥ ಮೂಲನಿವಾಸಿಗಳ ಮಕ್ಕಳನ್ನು ಹೊತ್ತೊಯ್ಯುತ್ತಿದ್ದರು; ಒಮ್ಮೆ ಅವಳಮ್ಮ ಮಕ್ಕಳನ್ನು ನದಿಯ ಜೊಂಡಿನಲ್ಲಿ ಅಡಗಿಸಿದ್ದಳು. ಕೆಮ್ಮಿದ ಅಕ್ಕ ಸಿಕ್ಕಿಬಿದ್ದಳು; ಮತ್ತೆ ಬರಲಿಲ್ಲ. ಅದು ಗೊತ್ತಿದ್ದ ನಾನು ಬಾಯಿ ಮುಚ್ಚಿಕೊಂಡು ಎಲ್ಲರನ್ನೂ ಗಾಡಿಗಳಿಗೆ ತುಂಬಿಸಿ ಹೊರಟೆ.

ನದಿಯ ಬಳಿ ಯಾರಿಗೂ ಗಾಳದ ಮೇಲೆ ಗಮನವಿರಲಿಲ್ಲ. ಕೂತವರು ಏಳುತ್ತಿದ್ದರು, ಎದ್ದವರು ರಸ್ತೆ ನೋಡುತ್ತಿದ್ದರು. ಕೊನೆಗೆ ನನ್ನ ಫೋನ್ ಬಡಿದುಕೊಂಡಿತು. ತಲೀಶಾ ಪಿಸುಗುಟ್ಟುತ್ತಿದ್ದಳು. "ಅಕ್ಕಾ, ನಂಗೆ ಹುಷಾರಿಲ್ಲದಾಗ ಮಗು ನೋಡೋರು ಯಾರು ಅಂತ ಕೇಳಿದ್ರು. ಅದಕ್ಕೆ ಅಜ್ಜಿ 'ನಾನೊಬ್ಬಳೇ' ಅಂದುಬಿಟ್ಲು. ಈ ವಯಸ್ಸಲ್ಲಿ ಒಬ್ಬರೇನಾ ಅಂತಿದ್ದಾರೆ. ಮಗೂನ ಕರ್ಕೊಂಡು ಹೋಗ್ತಾರೆ ಅನ್ಸುತ್ತೆ ಅಕ್ಕಾ."

ಕೇಳಿದ್ದೇ ತಡ, ಡೋರೀನ್ ಗಾಳ ಬಿಸಾಕಿದಳು. "ಒಬ್ಬಳೇ ಅಂತೆ! ನಾವೇನು ಸತ್ತು ಹೋದ್ವಾ? ಗಾಡಿ ತೆಗಿಯೇ!"

ನಾವು ಕೆಸರುಗಾಲಲ್ಲೇ ವರಾಂಡ ಹತ್ತಿದಾಗ ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. "ಯಾಕೆ ಬಂದ್ರಿ? ಹೋಗಿ! ಹೋಗಿ!" ಎಂದು ಎರಡೂ ಕೈ ಚಾಚಿ, ನಮ್ಮನ್ನೇ ತಡೆದು ನಿಂತಳು.

"ಇವರೆಲ್ಲ ಯಾರು?" ಎಂದರು ವೆಲ್ಫೇರಿನ ಅಧಿಕಾರಿ.

"ಮಗು ನೋಡೋರು ಯಾರು ಅಂತ ಕೇಳಿದ್ರಲ್ಲ ಮೇಡಂ, ನಾವೇ," ಎಂದಳು ಡೋರೀನ್. "ಈ ತಲೀಶಾಳ ಅಮ್ಮನ್ನ ಬೆಳೆಸಿದ್ದು ನಾನು. ಮಣ್ಣು ಮುಗಿದ ಮೇಲೂ ನಾನಿಲ್ಲೇ ಇರ್ತೀನಿ." ಉಳಿದವರೂ ಒಬ್ಬೊಬ್ಬರಾಗಿ ತಾವು ಮಗುವಿಗೆ ಏನಾಗಬೇಕು, ಎಲ್ಲಿರುತ್ತೇವೆ, ಏನು ಮಾಡಬಲ್ಲೆವು ಎಂದು ಹೇಳಿದರು. ಅಧಿಕಾರಿ ತಾಳ್ಮೆಯಿಂದ ಎಲ್ಲರ ಮಾತನ್ನೂ ಕೇಳಿದರು. ಆಮೇಲೆ, ಮಗು ಇಲ್ಲೇ ಇರಲಿ, ಮುಂದಿನ ತಿಂಗಳು ಮತ್ತೆ ಬರುತ್ತೇನೆ ಎಂದರು. ತಲೀಶಾ ಮಗುವನ್ನು ಅವಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಹೊರಡುವಾಗ ಅಧಿಕಾರಿ ದೊಡ್ಡಮ್ಮನ ಕಡೆ ತಿರುಗಿದರು. "ಇಷ್ಟೊಂದು ಜನ ಇದ್ದಾರೆ ಅಂತ ಮೊದಲೇ ಯಾಕೆ ಹೇಳಲಿಲ್ಲ ನೀವು?"

ಊರಿನ ಪರವಾಗಿ ಕೋರ್ಟಿನಲ್ಲಿ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದ ದೊಡ್ಡಮ್ಮ ನೆಲ ನೋಡುತ್ತ, ಕೇಳಿಸೀತೋ ಇಲ್ಲವೋ ಎನ್ನುವಂತೆ ಹೇಳಿದಳು: "ಹೇಳಿದ್ರೆ ಎಲ್ಲರನ್ನೂ ಕರ್ಕೊಂಡು ಹೋಗ್ಬಿಡ್ತೀರಿ ಅನ್ಕೊಂಡೆ."