ತಗ್ಗಿದ ಭುಜಕ್ಕೊಂದು ಮೆತ್ತನೆಯ ಜಾಕೆಟ್ಟು

ನನ್ನ ಬೀರುವಿನಲ್ಲಿರುವ ಹ್ಯಾಂಗರಿಗೆ ನನಗಿಂತ ಚೆಂದದ ಭುಜಗಳಿವೆ. ಇದನ್ನು ಮತ್ಸರದಿಂದಲ್ಲ, ಶುದ್ಧ ವಸ್ತುನಿಷ್ಠೆಯಿಂದ ಹೇಳುತ್ತಿದ್ದೇನೆ. ಬಾಲ್ಯದಲ್ಲಿ ಮುರಿದು ಓರೆಯಾಗಿ ಕೂಡಿಕೊಂಡ ಮೂಳೆಯ ದೆಸೆಯಿಂದ ನನ್ನ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ತಗ್ಗು. ಬಂಗಾರಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಊರ ಮಕ್ಕಳ ಹ್ರಸ್ವ-ದೀರ್ಘಗಳನ್ನೆಲ್ಲ ತಿದ್ದಿದ ನನಗೆ ನನ್ನ ಮೈಮೇಲಿನ ಈ ಒಂದು ಹ್ರಸ್ವವನ್ನು ತಿದ್ದಿಕೊಳ್ಳಲಾಗಲಿಲ್ಲ. ತಿದ್ದಿದವರು ರಾಬರ್ಟ್‌ಸನ್‌ಪೇಟೆಯ ದರ್ಜಿ ಸೆಲ್ವರಾಜ್.

ಅವರು ಕೋಟಿನ ಎದೆಗೆ ಕ್ಯಾನ್ವಾಸು, ಒಳಗೆ ಲೈನಿಂಗು, ಭುಜಕ್ಕೆ ಹತ್ತಿಯ ಪ್ಯಾಡು ಇಟ್ಟು ಹೊಲಿಯುವ ಹಳೆಯ ಕಾಲದ ಕಸುಬುದಾರರು. ನನ್ನ ಎಡಗಡೆಯ ಪ್ಯಾಡಿಗೆ ಮಾತ್ರ ಒಂದು ಹಿಡಿ ಹತ್ತಿ ಹೆಚ್ಚಿಗೆ ಬೀಳುತ್ತಿತ್ತು. ಈ ರಹಸ್ಯ ನಮ್ಮಿಬ್ಬರದು. ಕೋಟಿಗೂ ಕೋಟೆಗೂ ನಡುವೆ ಇರುವುದು ಒಂದೇ ಒಂದು ಸ್ವರದ ವ್ಯತ್ಯಾಸವಷ್ಟೇ ಎಂಬುದು, ಅದನ್ನು ತೊಟ್ಟು ಬೆವರುತ್ತ, ಕೈಯೆತ್ತಿ ನಮಸ್ಕರಿಸಲೂ ತಿಣುಕುತ್ತ, ಆದರೂ ಸಮಭುಜನಾಗಿ ಫೋಟೋಗಳಲ್ಲಿ ನಿಂತ ನನಗೆ ಚೆನ್ನಾಗಿ ಗೊತ್ತು.

ಈ ಬೇಸಿಗೆಯಲ್ಲಿ ಮಗಳು ಸುಮಾಳ ಮದುವೆ ಗೊತ್ತಾಯಿತು. ಆರತಕ್ಷತೆಗೆಂದು ಹೊಸ ಕೋಟಿನ ಬಟ್ಟೆಯನ್ನು ಸೆಲ್ವರಾಜರಿಗೆ ಕೊಟ್ಟು ಬಂದ ವಾರವೇ ಅವಳೊಂದು ಪೊಟ್ಟಣ ತಂದು ನನ್ನ ತೊಡೆಯ ಮೇಲಿಟ್ಟಳು.

"ಅಪ್ಪ, ಇದು ಜಾಕೆಟ್ಟು. ಒಳಗೆ ಏನೂ ಇಲ್ಲ, ಹಗುರ. ನನ್ನ ಮದುವೇಲಾದ್ರೂ ನೀನು ಉಸಿರಾಡ್ಬೇಕು."

ಲೈನಿಂಗಿಲ್ಲ, ಕ್ಯಾನ್ವಾಸಿಲ್ಲ, ಪ್ಯಾಡಿಲ್ಲ; ಅಂಗಿಯೊಂದು ಬಡ್ತಿ ಪಡೆದು ಕೋಟಿನ ಹುದ್ದೆಗೇರಿದಂತಿತ್ತು. ತೊಟ್ಟೆ, ಗಾಳಿ ಸುಳಿದಂತಾಯಿತು. ಕನ್ನಡಿಯ ಮುಂದೆ ನಿಂತೆ. ಮೂವತ್ತು ವರ್ಷ ಹತ್ತಿಯಡಿ ಅಡಗಿದ್ದ ಎಡಭುಜ ಯಾವ ಸಂಕೋಚವೂ ಇಲ್ಲದೆ ಕೆಳಗಿಳಿದು ನಿಂತಿತ್ತು. ಮಗಳಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಹಾಗೆಂದು ಇಡೀ ಬಂಧುಬಳಗದ ಮುಂದೆ ಓರೆಯಾಗಿ ನಿಲ್ಲಲು ಧೈರ್ಯವೂ ಬರಲಿಲ್ಲ. ಮರುದಿನ ಬೆಳಿಗ್ಗೆಯೇ ಜಾಕೆಟ್ಟನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತಿದೆ.

"ಸೆಲ್ವರಾಜ್, ಈ ಜಾಕೆಟ್ಟಿಗೆ ಒಂದು ಪ್ಯಾಡು ಹಾಕಿಕೊಡಬೇಕಲ್ಲ?"

"ಜಾಕೆಟ್ಟಾ? ಅದ್ಕೆ ಪಕ್ಕದ್ ಬೀದಿ ಲೇಡೀಸ್ ಟೈಲರ್ ಹತ್ರ ಓಗಿ ಸಾರ್," ಎಂದರು ಅವರು, ತಲೆಯೆತ್ತದೆ.

ನಮ್ಮ ಸೀಮೆಯಲ್ಲಿ ಜಾಕೆಟ್ಟೆಂದರೆ ರವಿಕೆ ಎಂಬುದು ಆಗ ನೆನಪಾಗಿ ನಕ್ಕೆ. ಚೀಲದಿಂದ ಅದನ್ನು ತೆಗೆದಾಗ ಮಾತ್ರ ಅವರು ನಗಲಿಲ್ಲ.

"ರೆಡಿಮೇಡ್ ತಂದ್ಬಿಟ್ರಾ? ಅಂಗಾದ್ರೆ ನನ್ ಕೋಟು?"

ಮಗಳ ಆಸೆಯನ್ನೂ ನನ್ನ ಅಂಜಿಕೆಯನ್ನೂ ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅವರು ಜಾಕೆಟ್ಟನ್ನು ಒಳಗು ಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಮುಖ ಕೊಂಚ ಸಡಿಲವಾಯಿತು.

"ಒಲಿಗೆ ಒಳಗೂ ಸುದ್ದವಾಗೈತೆ ಸಾರ್. ಲೈನಿಂಗ್ ಇದ್ರೆ ನಮ್ ತಪ್ಪೆಲ್ಲ ಅದ್ರಡಿ ಓಗ್ಬಿಡುತ್ತೆ. ಇದ್ರಾಗೆ ಬಚ್ಚಿಡೋಕೆ ಜಾಗಾನೇ ಇಲ್ಲ. ಪ್ಯಾಡ್ ಇಟ್ರೆ ಬಾವು ಬಂದಂಗೆ ಕಾಣುತ್ತೆ."

"ಹಾಗಾದರೆ ಏನು ಮಾಡೋದು?"

"ಆಕ್ಕಳಿ, ನೋಡನ."

ತೊಟ್ಟು ನಿಂತೆ. ಕುತ್ತಿಗೆಯಿಂದ ಕಂಕುಳಿನವರೆಗೆ ಓಡಿದ್ದ ಒಂದು ಸುಕ್ಕನ್ನು ಅವರು ಸುಣ್ಣದ ಬಿಲ್ಲೆಯಿಂದ ಗುರುತು ಮಾಡಿದರು. "ಇದ್ನ ಒಲ್ದವನಿಗೆ ನಿಮ್ ಬುಜ ಗೊತ್ತಿಲ್ಲ. ನಂಗ್ ಗೊತ್ತು. ಇಷ್ಟು ವರ್ಸ ಬುಜಾನ ಎತ್ತಿದ್ದಾಯ್ತು; ಈಗ ಬಟ್ಟೇನ ಒಂದ್ ಬೆರಳು ಇಳಿಸ್ತೀನಿ, ಸಾಕು. ನೀವು ಕೊಟ್ಟ ಬಟ್ಟೆ ಇನ್ನೂ ಕತ್ರಿಸಿಲ್ಲ ಸಾರ್. ಅದ್ರಾಗೂ ಇಂತದ್ದೇ ಒಲೀತೀನಿ, ಇದ್ಕಿಂತ ಚೆನ್ನಾಗಿ."

ಎರಡು ದಿನದಲ್ಲಿ ಜಾಕೆಟ್ಟು ಬಂತು. ಸುಕ್ಕು ಮಾಯವಾಗಿತ್ತು, ಭುಜ ತಗ್ಗಾಗಿಯೇ ಇತ್ತು, ಆದರೆ ತಗ್ಗಿರುವುದು ತಪ್ಪೇನಲ್ಲ ಎಂಬಂತೆ ಬಟ್ಟೆ ಅದರ ಮೇಲೆ ಮಲಗಿತ್ತು. ಮೆತ್ತನೆಯ ಕೋಟಿಗೆ ದರ್ಜಿ ಬೇಕಿಲ್ಲವೆಂದು ನಂಬಿದವರು ಒಮ್ಮೆ ಸೆಲ್ವರಾಜರ ಅಂಗಡಿಗೆ ಹೋಗಿ ಬರಬೇಕು.

ಆರತಕ್ಷತೆಯ ಸಂಜೆ ಕ್ಯಾಸಂಬಳ್ಳಿಯಿಂದ ಅಕ್ಕ ಬಂದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಐದರ ಹುಡುಗನಾಗಿದ್ದಾಗ ಎಮ್ಮೆಯ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ಹೊರಟವಳು ಅವಳೇ. ಜಾರಿ ಬಿದ್ದು ಮೂಳೆ ಮುರಿದುಕೊಂಡವನು ನಾನು. ಆ ಬಗ್ಗೆ ನಾವೆಂದೂ ಮಾತಾಡಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಹತ್ತಿರ ಬಂದು ಮತ್ತೆ ನೋಡಿದಳು.

"ಇವತ್ತೇನ್ಲಾ, ಬುಜ ಮುಚ್ಕಂಡಿಲ್ಲ?"

"ಸೆಕೆ ಅಕ್ಕ."

"ನಿನ್ನ ಬೀಳಿಸಿದ್ದು ನಾನೇ ಅಲ್ವಾ. ನೀನು ಆ ದಪ್ಪ ಕೋಟಾಕ್ಕಂಡು ಮುಚ್ದಾಗೆಲ್ಲ, ನನ್ ಮೇಲೆ ಇನ್ನೂ ಸಿಟ್ಟೈತೆ ಅನ್ಕಂತಿದ್ದೆ ಕಣ್ಲಾ."

ನನ್ನ ಸಣ್ಣ ಜಂಭವೊಂದು ಇನ್ನೊಬ್ಬರ ಎದೆಯಲ್ಲಿ ಇಷ್ಟು ವರ್ಷ ಹೀಗೆ ಭಾರವಾಗಿ ಕೂತಿತ್ತೆಂದು ನಾನು ಊಹಿಸಿಯೂ ಇರಲಿಲ್ಲ.

"ಸಿಟ್ಟೆಲ್ಲಿಂದು ಬಾರಕ್ಕ, ಫೋಟೋಕ್ಕೆ ನಿಂತ್ಕೋ," ಎಂದೆ.

ಅವಳು ಎಡಗಡೆಗೆ ಬಂದು ನಿಂತು, ತಗ್ಗಿದ ಭುಜದ ಮೇಲೆ ಕೈಯಿಟ್ಟಳು. ನಡುವೆ ಹತ್ತಿಯಿರಲಿಲ್ಲ, ಇದ್ದದ್ದು ತೆಳು ಬಟ್ಟೆ ಮಾತ್ರ. ರಾಗಿ ಬೀಸಿ, ಹಾಲು ಕರೆದು ಒರಟಾದ ಆ ಅಂಗೈಯ ಬಿಸಿ ನನಗೆ ನೇರವಾಗಿ ತಾಗಿತು.