ಎಚ್ ಇಲ್ಲದ ಹೆಸರು

ಕಳೆದ ಶನಿವಾರ ಸೋನಾ ಮಸೂರಿಯ ಹೊಸ ಚೀಲ ಬಿಚ್ಚಿದೆ. ದಾರದ ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಸಿಗದಿದ್ದರೆ ಕತ್ತರಿಯೇ ಗತಿ. ಅವತ್ತು ಸಿಕ್ಕಿತು. ಹಸಿ ಅಕ್ಕಿಯ ಒಣ ವಾಸನೆ ಮೂಗಿಗೆ ಅಡರಿತು. ಈ ದೇಶದ ಅಕ್ಕಿಯಲ್ಲಿ ಕಲ್ಲು ಇರುವುದಿಲ್ಲವೆಂದು ಗೊತ್ತಿದ್ದರೂ ಹುಡುಕುವ ಅಭ್ಯಾಸ ಬಿಟ್ಟಿಲ್ಲ. ಎರಡು ಲೋಟ ಅಕ್ಕಿಯನ್ನು ತಾಂಬಾಳಕ್ಕೆ ಸುರಿದು ಅಂಗೈಯಲ್ಲಿ ಹರಡಿದೆ. ಆಮೇಲೆ ತೋರುಬೆರಳು ನನ್ನ ಮಾತು ಕೇಳಲಿಲ್ಲ. ತಾನೇ ಒಂದು ಹೆಸರು ಬರೆಯಿತು, ಇಂಗ್ಲಿಷಿನಲ್ಲಿ. ಟಿ ಬರೆದು ಒಂದು ಕ್ಷಣ ನಿಂತು, ಎಚ್ ಬಿಟ್ಟು, ಮುಂದಕ್ಕೆ ಹೋಯಿತು.

ನಾವೆಲ್ಲ ಅವರನ್ನು ಪೋಸ್ಟ್ ಆಂಟಿ ಎನ್ನುತ್ತಿದ್ದೆವು. ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ನಿನ ಪಕ್ಕದ ನಮ್ಮ ಪುಟ್ಟ ಟೌನ್‌ಷಿಪ್ಪಿನ ಪೋಸ್ಟ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೌಂಟರಿನ ಹಿಂದೆ ನಿಂತವರು. ಧಾರವಾಡದವರು. ನಮ್ಮದೇ ಸಾಲಿನಲ್ಲಿ ನಾಲ್ಕು ಮನೆ ದಾಟಿದರೆ ಅವರ ಮನೆ. ಅಂಕಲ್ ನಾವು ಬರುವ ಮೊದಲೇ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಚಳಿಗೆ ಸದಾ ಒಂದು ಬೂದು ಬಣ್ಣದ ಸ್ವೆಟರು ತೊಡುತ್ತಿದ್ದರು, ನೇಮ್ ಟ್ಯಾಗು ಅದರ ಒಳಗೇ ಅಡಗಿರುತ್ತಿತ್ತು.

ಅವರಲ್ಲಿ ಒಂದು ವಿಶೇಷವಿತ್ತು. ಯಾರ ಹೆಸರನ್ನೂ ಅವರು ತಪ್ಪಾಗಿ ಓದುತ್ತಿರಲಿಲ್ಲ. ಪೋಲೆಂಡಿನವರಿರಲಿ, ಚೀನಾದವರಿರಲಿ, ನಮ್ಮ ಆಂಧ್ರದವರ ಮಾರುದ್ದದ ಹೆಸರಿರಲಿ, ಗೊತ್ತಾಗದಿದ್ದರೆ ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ ನೇರವಾಗಿ ಕೇಳುತ್ತಿದ್ದರು, ನಿಮ್ಮ ತಾಯಿ ನಿಮ್ಮನ್ನು ಹೇಗೆ ಕರೆಯುತ್ತಾರೆ ಎಂದು. ಒಮ್ಮೆ ಕೇಳಿಸಿಕೊಂಡರೆ ಮುಗಿಯಿತು. ಆಫೀಸಿನಲ್ಲಿ ಹತ್ತು ಜನ ಹತ್ತು ಥರ ತಿರುಚಿದ ನನ್ನ ಹೆಸರು ಅವರ ಕೌಂಟರಿನಲ್ಲಿ ಮಾತ್ರ ನಮ್ಮ ಮೈಸೂರಿನ ಮನೆಯಲ್ಲಿ ಇದ್ದಂತೆಯೇ ಇರುತ್ತಿತ್ತು. ಅವರು ರಿಟೈರಾದಾಗ ಎಷ್ಟೋ ಜನ ಕಾರ್ಡು ಕೊಟ್ಟರು. ಕಾರ್ಡಿನ ಮೇಲೆ ನಾವು ಏನು ಬರೆದಿದ್ದೆವು ಎಂಬುದನ್ನು ನೆನೆದರೆ ಈಗ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಅದಾದ ಮೇಲಿನ ಮಾತು, ನನ್ನ ಮಗಳು ಆಗ ಮೂರನೆಯ ಕ್ಲಾಸಿನಲ್ಲಿದ್ದಳು. ವಸಂತದಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿನಿಂದ ಒಂದು ಕಾಗದ ಬಂತು. ಎರಡು ಮೈಲಿಗಿಂತ ಹತ್ತಿರ ಇರುವ ಮಕ್ಕಳಿಗೆ ಇನ್ನು ಸ್ಕೂಲ್ ಬಸ್ ಇಲ್ಲವಂತೆ, ಬಜೆಟ್ ಸಾಲದಂತೆ. ನಮ್ಮ ಮನೆಯಿಂದ ಶಾಲೆಗೆ ಒಂದೂವರೆ ಮೈಲಿ. ನಡುವೆ ಆರು ಲೇನಿನ ರಸ್ತೆ, ವೇರ್‌ಹೌಸುಗಳಿಗೆ ಹೋಗುವ ಟ್ರಕ್ಕುಗಳು, ಅರ್ಧ ದೂರ ಫುಟ್‌ಪಾತೇ ಇಲ್ಲ. ನಾನೂ ನನ್ನ ಗಂಡನೂ ಬೆಳಿಗ್ಗೆ ಏಳರ ಟ್ರೈನಿಗೆ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರು. ಎಂಟು ವರ್ಷದ ಹುಡುಗಿ ಆ ರಸ್ತೆಯನ್ನು ಒಬ್ಬಳೇ ದಾಟಬೇಕಿತ್ತು.

ನಾನೇನು ಮಾಡಿದೆ? ವಾಟ್ಸಾಪ್ ಗ್ರೂಪಿನಲ್ಲಿ ಬೆಂಕಿ ಕಾರಿದೆ. ಎಲ್ಲರೂ ಕಾರಿದರು. ಯಾರಾದರೂ ಬೋರ್ಡ್ ಮೀಟಿಂಗಿಗೆ ಹೋಗಿ ಮಾತಾಡಬೇಕು ಎಂದು ಎಲ್ಲರೂ ಬರೆದರು. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರಲ್ಲ, ನಮ್ಮದು ಫೋನಿನ ಮುಂದೆ. ಮೇಲ್‌ಬಾಕ್ಸಿನ ಹತ್ತಿರ ಆಂಟಿ ಸಿಕ್ಕಾಗ ಇದನ್ನೆಲ್ಲ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟೇ:

"ಅಲ್ಲ ತಂಗಿ, ವಾಟ್ಸಾಪಿನ್ಯಾಗ ಬಸ್ ಓಡ್ತದೇನು?"

ಮರುದಿನ ನನ್ನ ಮಗಳ ಬ್ಯಾಗನ್ನು, ಪುಸ್ತಕಗಳ ಸಮೇತ, ಕೇಳಿ ಪಡೆದುಕೊಂಡು ಹೋದರು.

ಮೀಟಿಂಗು ಹೈಸ್ಕೂಲಿನ ಲೈಬ್ರರಿಯಲ್ಲಿ. ಒಂಬತ್ತು ಜನ ಸದಸ್ಯರು ಉದ್ದ ಟೇಬಲ್ಲಿನ ಹಿಂದೆ. ಎದುರಿಗೆ ಒಂದು ಮೈಕು, ಯಾರು ಬೇಕಾದರೂ ಮಾತಾಡಬಹುದು, ಆದರೆ ಮೂರೇ ನಿಮಿಷ. ಆಮೇಲೆ ಗಡಿಯಾರ ಕೀ ಎನ್ನುತ್ತದೆ. ಆಂಟಿ ಆ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಮೈಕಿನ ಮುಂದೆ ನಿಂತರು. ಈ ಬ್ಯಾಗು ಹೊತ್ತು ನಮ್ಮ ಸಾಲಿನಿಂದ ಶಾಲೆಯವರೆಗೆ ನಡೆದೆ ಎಂದು ಶುರು ಮಾಡಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಾ ಹೋದರು. ಫುಟ್‌ಪಾತು ಎಲ್ಲಿ ಮುಗಿಯಿತು, ಸಿಗ್ನಲ್ಲು ಎಷ್ಟು ಬೇಗ ಕೆಂಪಾಯಿತು, ಅವರು ರಸ್ತೆಯ ನಡುವೆ ಎಲ್ಲಿ ಸಿಕ್ಕಿಕೊಂಡರು. "ಆಗ ಎಡಗಡೆಯಿಂದ ಒಂದು ಟ್ರಕ್ಕು" ಎನ್ನುವಷ್ಟರಲ್ಲಿ ಗಡಿಯಾರ ಕೂಗಿತು. ಅವರು ಥ್ಯಾಂಕ್ಯೂ ಹೇಳಿ, ಕಾಗದ ಮಡಚಿ, ಬಂದು ಕೂತರು.

ಮುಂದಿನ ತಿಂಗಳು ಲೈಬ್ರರಿಯಲ್ಲಿ ಕುರ್ಚಿ ಸಾಲಲಿಲ್ಲ. ಟ್ರಕ್ಕು ಏನು ಮಾಡಿತು ಎಂದು ತಿಳಿಯಲು ಊರಿಗೆ ಊರೇ ಬಂದಿತ್ತು! ಆಂಟಿ ಮೈಕಿನ ಮುಂದೆ ನಿಂತು, ನಮಸ್ಕಾರವನ್ನೂ ಹೇಳದೆ, ನಿಲ್ಲಿಸಿದ ಪದದಿಂದಲೇ ಮುಂದುವರಿಸಿದರು. ಬೋರ್ಡಿನ ಅಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ. ಆದರೆ ಟ್ರಕ್ಕು ಒಂದು ಮೊಳ ದೂರದಲ್ಲಿ ಹಾದುಹೋಯಿತು, ಮಗುವಾಗಿದ್ದರೆ ಗಾಳಿಗೇ ಬೀಳುತ್ತಿತ್ತು ಎಂದಾಗ ಯಾರೂ ನಗಲಿಲ್ಲ. ಬಸ್ಸಿನ ತೀರ್ಮಾನವನ್ನು ಜನವರಿಯ ಹೊಸ ಬೋರ್ಡಿಗೆ ಬಿಡಲಾಯಿತು.

ಹೊಸ ಬೋರ್ಡು ಎಂದರೆ ನವೆಂಬರಿನ ಚುನಾವಣೆ. ಮೂರು ಸೀಟು ಖಾಲಿಯಾಗುತ್ತಿದ್ದವು. ಅರ್ಜಿ ಹಾಕಿದ್ದವರು ಇಬ್ಬರೇ, ಅವರ ಹೆಸರು ಬ್ಯಾಲೆಟ್ಟಿನಲ್ಲಿ ಅಚ್ಚಾಗಿತ್ತು. ಮೂರನೆಯ ಜಾಗದಲ್ಲಿ ಬರೀ ಖಾಲಿ ಗೆರೆ. ಅಲ್ಲಿ ಮತದಾರರೇ ತಮಗೆ ಬೇಕಾದವರ ಹೆಸರನ್ನು ಬರೆಯಬೇಕು, ಹೆಚ್ಚು ಸಲ ಯಾರ ಹೆಸರು ಬರುತ್ತದೆಯೋ ಅವರು ಗೆದ್ದಂತೆ. ಬಸ್ಸು ಬೇಡವೆನ್ನುವ ಬಣದವರು ಆ ಗೆರೆಗೆ ತಮ್ಮವರೊಬ್ಬರನ್ನು ನಿಲ್ಲಿಸಿದರು. ಅವರ ಹೆಸರೋ, ಕಣ್ಣು ಮುಚ್ಚಿ ಬರೆಯಬಹುದಾದ ನಾಲ್ಕಕ್ಷರ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗ ಆಂಟಿ ತಾವೇ ನಿಲ್ಲುತ್ತೇನೆಂದರು.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾವು ಮೂವತ್ತು ಜನ ಸೇರಿದ್ದೆವು. ಚುರುಮುರಿ, ಮಿರ್ಚಿ, ಚಹಾ ಎಲ್ಲ ಆಯಿತು. ಆಂಟಿ ಎದ್ದು ನಿಂತು, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು:

"ಎಲ್ಲಾರೂ ನನಗ ಓಟು ಹಾಕ್ತೀರಿ, ಖರೆ. ನನ್ನ ಹೆಸರೇನು, ಹೇಳ್ರಿ ನೋಡೂಣು."

ನಾನು ಅವರನ್ನು ಬಲ್ಲವಳಾಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಅವರ ಮನೆಯ ಕೀಲಿ ನನ್ನ ಹತ್ತಿರ ಇತ್ತು. ನನ್ನ ಫೋನಿನಲ್ಲಿ ಅವರು "ಪೋಸ್ಟ್ ಆಂಟಿ". ರಿಟೈರ್‌ಮೆಂಟ್ ಕಾರ್ಡಿನ ಮೇಲೂ ಬರೆದದ್ದು ಅದನ್ನೇ. ಊರಿನ ಎಲ್ಲರ ಹೆಸರನ್ನೂ ತಾಯಿ ಕರೆದಂತೆ ಕರೆದವರ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಆಂಟಿ ಬೈಯಲಿಲ್ಲ. ಮೇಲೆ ಹೋಗಿ ಒಂದು ದೊಡ್ಡ ಸ್ಟೀಲಿನ ತಟ್ಟೆಯ ತುಂಬ ಅಕ್ಕಿ ಹರಡಿಕೊಂಡು ಬಂದರು. ನಾವು ತಾಂಬಾಳ ಎನ್ನುವುದನ್ನು ಅವರು ಪರಾತ ಎನ್ನುತ್ತಿದ್ದರು. ಅವರ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಾಯಿಸುವ ಪದ್ಧತಿ ಇತ್ತು. ಮದುವೆ ಗಂಡು ಉಂಗುರ ಹಿಡಿದು ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ, ಅಲ್ಲಿಗೆ ಹಳೆಯ ಹೆಸರು ಹೋಯಿತು. ಪಾಸ್‌ಪೋರ್ಟಿಗೂ ವೋಟರ್ ಲಿಸ್ಟಿಗೂ ಬಂದದ್ದು ಅಕ್ಕಿಯ ಮೇಲಿನ ಆ ಹೆಸರೇ.

"ಅವತ್ತ ಒಬ್ಬರು ಬರದ್ರು, ನನ್ನ ಯಾರೂ ಕೇಳಲಿಲ್ಲ. ಇವತ್ತ ನಾನ ಕೇಳಲಿಕ್ಕತ್ತೀನಿ, ಊರ ಮಂದಿ ಬರೀರಿ."

ಅವರು ಹೆಸರು ಹೇಳಿದರು, ನಾವು ಒಬ್ಬೊಬ್ಬರೇ ಬರೆದೆವು. ಅಲ್ಲೇ ಹೊಸ ತಕರಾರು ಶುರುವಾಯಿತು. ಹೆಸರಿನಲ್ಲಿ ಒಂದು ತ ಇತ್ತು. ಅವರ ದಾಖಲೆಗಳಲ್ಲೆಲ್ಲ ಅದು ಬರೀ ಟಿ. ಬೆಂಗಳೂರು ಮೈಸೂರಿನವರಾದ ನಾವು ತ ಎಂದರೆ ಟಿ ಎಚ್ ಎಂದೇ ಹುಟ್ಟಿಬಂದವರು. ಹತ್ತು ಜನರಲ್ಲಿ ಎಂಟು ಜನ ಎಚ್ ಸೇರಿಸಿದರು. ಎಚ್ ಇಲ್ಲದಿದ್ದರೆ ಅದು ಟ ಆಗುವುದಿಲ್ಲವೇ ಆಂಟಿ ಎಂದು ನಾನು ವಾದಕ್ಕೇ ಇಳಿದೆ.

"ನಿಮ್ಮ ಮೈಸೂರಿನ್ಯಾಗ ಎಚ್ ಪುಗಸಟ್ಟೆ ಸಿಗತಿರಬೇಕು," ಎಂದು ಅಕ್ಕಿಯ ಮೇಲಿನ ನನ್ನ ಎಚ್ಚನ್ನು ಅಂಗೈಯಿಂದ ಅಳಿಸಿದರು. ನಮ್ಮಲ್ಲಿ ಅರ್ಧಕ್ಕರ್ಧ ಜನ ಎಚ್ ಒನ್ ವೀಸಾದವರು, ಓಟು ಹಾಕುವಂತೆಯೇ ಇರಲಿಲ್ಲ. ಅದನ್ನೂ ಬಿಡಲಿಲ್ಲ: "ಓಟು ಹಾಕಲಿಕ್ಕೂ ಎಚ್ ಇರಬಾರದು, ಹೆಸರು ಬರೀಲಿಕ್ಕೂ ಎಚ್ ಇರಬಾರದು. ನೆನಪಿಟ್ಟುಕೊಳ್ಳೂದು ಇಷ್ಟ."

ಮೊದಲು ಕಲಿತದ್ದು ಮಕ್ಕಳು. ನನ್ನ ಮಗಳು ಊಟದ ತಟ್ಟೆಯ ಮೊಸರಿನಲ್ಲೂ ಅದನ್ನೇ ಬರೆಯುತ್ತಿದ್ದಳು. "ನೋ ಎಚ್, ಅಮ್ಮಾ!" ಎಂದು ನನ್ನನ್ನು ತಿದ್ದುತ್ತಿದ್ದಳು. ಓಟು ಹಾಕುವಂತಿಲ್ಲದವರು ಓಟಿರುವವರ ಮನೆ ಮನೆಗೆ ಹೋಗಿ ಹೆಸರು ಕಲಿಸಿದರು. ಅಭ್ಯರ್ಥಿಗಳನ್ನು ಎದುರುಬದುರು ಕೂರಿಸಿದ ಸಂಜೆ ನಾಲ್ಕಕ್ಷರದ ಆ ಮಹಾಶಯರು, ಈಕೆಗೆ ಈ ಶಾಲೆಗಳಲ್ಲಿ ಒಂದು ಮಗುವಾದರೂ ಇದೆಯೇ ಎಂದು ಕೇಳಿದರು. ನನಗೆ ಮೈ ಉರಿಯಿತು. ಆಂಟಿ ತಣ್ಣಗೆ, ಇಪ್ಪತ್ತೆರಡು ವರ್ಷ ಈ ಊರಿನ ಮಕ್ಕಳ ಬರ್ತ್‌ಡೇ ಕಾರ್ಡುಗಳನ್ನು ವಿಂಗಡಿಸಿದ್ದೇನೆ, ಒಂದೂ ತಪ್ಪು ಮನೆಗೆ ಹೋಗಿಲ್ಲ ಎಂದರು. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು.

ಚುನಾವಣೆಯ ದಿನ ಆಫೀಸಿನಿಂದ ಬೇಗ ಹೊರಟು ಬಂದೆ. ಹೆಸರು ಬರೆಯಲು ಮತಯಂತ್ರದಲ್ಲಿದ್ದ ಪುಟ್ಟ ಕೀಲಿಗಳ ಮುಂದೆ ನಿಂತು ಒಂದೊಂದೇ ಅಕ್ಷರ ಒತ್ತಿದೆ. ಟಿ ಆದ ಕೂಡಲೇ ಬೆರಳು ಹಳೇ ಚಾಳಿಗೆ ಎಚ್ ಒತ್ತೇಬಿಟ್ಟಿತು! ಅಳಿಸಿದೆ. ಮೂರು ಸಲ ಓದಿದೆ. ಹೊರಗೆ ಬಂದರೆ ನನ್ನ ಗಂಡ ಬೀಗುತ್ತಾ ನಿಂತಿದ್ದರು, ಒಂದು ನಿಮಿಷದಲ್ಲಿ ಮುಗಿಸಿದೆ ಎಂದು. ಏನು ಬರೆದಿರಿ ಎಂದೆ. ಅವರ ಮುಖದ ಬಣ್ಣ ಇಳಿಯಿತು. "ಅಯ್ಯೋ… ಪೋಸ್ಟ್ ಆಂಟಿ ಅಂತ ಬರೆದುಬಿಟ್ಟೆ ಕಣೇ." ಎರಡು ದಿನ ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ.

ಹೆಸರು ಬರೆದ ಮತಗಳ ಎಣಿಕೆಗೆ ವಾರ ಹಿಡಿಯಿತು. ಎಚ್ ಇದ್ದವನ್ನೂ ಕೊನೆಗೆ ಅವರದ್ದೆಂದೇ ಒಪ್ಪಿಕೊಂಡರಂತೆ. ಬರೀ "ಆಂಟಿ", "ಪೋಸ್ಟ್ ಆಂಟಿ" ಎಂದಿದ್ದವನ್ನು ಬದಿಗಿಟ್ಟರು, ಅಂಥವು ಹತ್ತೊಂಬತ್ತು ಇದ್ದವು. ಆದರೂ ಆಂಟಿ ಏಳು ಮತಗಳಿಂದ ಗೆದ್ದರು. ಸುದ್ದಿ ಬಂದಾಗ ನಾನು ಟ್ರೈನಿನಲ್ಲಿದ್ದೆ. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ, ನಮ್ಮ ಆಂಟಿ ಸ್ಕೂಲ್ ಬೋರ್ಡಿಗೆ ಗೆದ್ದರು ಎಂದು ಹೇಳಿಬಿಟ್ಟೆ. ನನ್ನ ಸ್ವಂತ ಪ್ರಮೋಷನ್ನಿಗೂ ನಾನು ಅಷ್ಟು ಹಿಗ್ಗಿರಲಿಲ್ಲ.

ಜನವರಿಯಲ್ಲಿ ದೊಡ್ಡ ರಸ್ತೆ ದಾಟಬೇಕಾದ ಮಕ್ಕಳಿಗೆಲ್ಲ ಬಸ್ಸು ಉಳಿಯಿತು, ಐದಕ್ಕೆ ನಾಲ್ಕು ಮತ. ಐದನೆಯ ಕೈ ಬೂದು ಸ್ವೆಟರಿನದು. ಸಂಬಳವಿಲ್ಲದ ಆ ಕೆಲಸವನ್ನು ಅವರು ಮೂರನೆಯ ಅವಧಿಯವರೆಗೂ ಮಾಡಿದರು. ಆಮೇಲಿನ ಚುನಾವಣೆಗಳಲ್ಲಿ ಅವರ ಹೆಸರು ಬ್ಯಾಲೆಟ್ಟಿನಲ್ಲೇ ಅಚ್ಚಾಗಿರುತ್ತಿತ್ತು. ಯಾರೂ ಬರೆಯಬೇಕಾಗಿರಲಿಲ್ಲ, ನನಗೆ ಅದರಿಂದ ಸ್ವಲ್ಪ ಬೇಜಾರೇ ಆಗುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ಮನೆಯ ಮುಂದಿನ ಹಿಮ ಹಾಗೇ ಇತ್ತು. ಸದಾ ನಮಗಿಂತ ಮೊದಲು ಹಿಮ ಗೋರಿ ಮುಗಿಸುತ್ತಿದ್ದವರು… ಕೀಲಿ ತೆಗೆದವಳು ನಾನೇ.

ಅವರ ನೆನಪಿಗೆ, ಶಾಲೆಯ ಬಸ್ಸು ನಿಲ್ಲುವಲ್ಲಿ ಅವರ ಹೆಸರಿನ ಒಂದು ಬೆಂಚು ಹಾಕಿ ಎಂದು ಬೋರ್ಡಿಗೆ ಇಮೇಲ್ ಬರೆದೆ. ಒಪ್ಪಿಕೊಂಡರು. ಮೀಟಿಂಗಿನ ಅಜೆಂಡಾ ಬಂದಾಗ ತೆರೆದು ನೋಡಿದೆ. ಟಿ ಎಚ್! ಯಾರು ಮಾಡಿದ್ದು ಎಂದು ರೇಗಿಕೊಂಡು ನನ್ನ ಇಮೇಲ್ ತೆಗೆದರೆ, ಅಲ್ಲೂ ಟಿ ಎಚ್. ಅಳುತ್ತಾ ಟೈಪ್ ಮಾಡಿದ್ದೆ, ಬೆರಳು ತನ್ನ ಬುದ್ಧಿ ತೋರಿಸಿತ್ತು.

ಇನ್ನೊಂದು ಇಮೇಲ್ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಇಷ್ಟು ವರ್ಷ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದವಳು ಎದ್ದು ಮೈಕಿನ ಮುಂದೆ ಹೋದೆ. ಆ ಹೆಸರಿನಲ್ಲಿ ಎಚ್ ಇಲ್ಲ, ತಪ್ಪು ನನ್ನದು, ದಯವಿಟ್ಟು ತೆಗೆಯಿರಿ ಎಂದೆ. ಮೂರು ನಿಮಿಷದಲ್ಲಿ ನನಗೆ ಬೇಕಾದದ್ದು ಹದಿನೈದು ಸೆಕೆಂಡು. ಬೋರ್ಡಿನ ಗುಮಾಸ್ತೆ ತಲೆಯೆತ್ತಿ, ಹಾಗಾದರೆ ಅದನ್ನು ಹೇಗೆ ಉಚ್ಚರಿಸಬೇಕು ಎಂದು ಕೇಳಿದಳು. ಹೇಳಿಕೊಟ್ಟೆ. ಅವಳು ಎರಡು ಸಲ ಹೇಳಿ ಸರಿಮಾಡಿಕೊಂಡಳು.

ಬೆಂಚು ಕಳೆದ ವಾರ ಬಂತು. ಎಚ್ ಇಲ್ಲ. ಮೂರನೆಯ ಕ್ಲಾಸಿನ ಹುಡುಗಿಗೆ ಈಗ ಹದಿನೆಂಟು, ಈ ನವೆಂಬರಿನಲ್ಲಿ ಅವಳ ಮೊದಲ ಓಟು. ಶನಿವಾರ ಅಡುಗೆಮನೆಗೆ ಬಂದವಳು ತಾಂಬಾಳದ ಅಕ್ಕಿಯ ಮೇಲೆ ಬಗ್ಗಿ ಓದಿದಳು, "ಗುಡ್ ಜಾಬ್, ಅಮ್ಮಾ" ಎಂದು ಬೆನ್ನು ತಟ್ಟಿದಳು. ಆಮೇಲೆ ಕೇಳಿದಳು, ಮದುವೆಗೆ ಮುಂಚೆ ಪೋಸ್ಟ್ ಆಂಟಿಯ ಹೆಸರೇನಿತ್ತು ಎಂದು.

ನನಗೆ ಗೊತ್ತಿರಲಿಲ್ಲ. ಊರಿನ ಎಲ್ಲರನ್ನೂ ನಿಮ್ಮ ತಾಯಿ ಹೇಗೆ ಕರೆಯುತ್ತಾರೆ ಎಂದು ಕೇಳಿದವರು ಅವರು. ಅವರನ್ನು ಅವರ ಅವ್ವ ಹೇಗೆ ಕರೆಯುತ್ತಿದ್ದಳು ಎಂದು ನಾನು ಒಂದು ಸಲವೂ ಕೇಳಲಿಲ್ಲ. ಬರೆದ ಹೆಸರನ್ನು ಅಳಿಸಲು ಮನಸ್ಸು ಬರಲಿಲ್ಲ. ಅವತ್ತು ಚೀಲದಿಂದ ಬೇರೆ ಅಕ್ಕಿ ತೆಗೆದುಕೊಂಡು ಅನ್ನಕ್ಕಿಟ್ಟೆ.